ಎಡಗಾಲಿನ ಬೂಟಿನೊಳಗೆ

ಅಣ್ಣಾ,

ನಾಳೆ ಬೆಳಗ್ಗೆ ಹತ್ತು ಗಂಟೆಗೆ ನೀನು ಆ ದೊಡ್ಡ ಕ್ಲಬ್ಬಿನವರ ಕಾಗದಕ್ಕೆ ಸಹಿ ಹಾಕಬೇಕು. ಅದಕ್ಕೂ ಮೊದಲು ಇದನ್ನು ಕೊನೆಯವರೆಗೆ ಓದು. ಅರ್ಧಕ್ಕೇ ಬಿಟ್ಟು ಅಂಗಡಿಗೆ ಓಡಿ ಬರಬೇಡ. ಬಂದರೆ ನಾನು ತಲೆ ತಗ್ಗಿಸಿ ಯಾವುದೋ ಬೂಟಿನ ಅಟ್ಟೆ ಉಜ್ಜುತ್ತಾ ಕೂರುತ್ತೇನೆಯೇ ಹೊರತು ಒಂದು ಮಾತೂ ಆಡಲಾರೆ. ಹತ್ತೊಂಬತ್ತು ವರ್ಷದಿಂದ ನೋಡಿದ್ದೀಯಲ್ಲ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಇವತ್ತಿನ ಸಭೆಯಲ್ಲಿ ನಿನ್ನನ್ನು ಅವರಿಗೆ ಮಾರುವುದೆಂದು ಒಂದೇ ಒಂದು ಮತದಿಂದ ತೀರ್ಮಾನವಾದ ಸುದ್ದಿ ಇಷ್ಟು ಹೊತ್ತಿಗೆ ನಿನಗೆ ಮುಟ್ಟಿರುತ್ತದೆ. ಆ ಒಂದು ಮತ ನನ್ನದು.

ಇನ್ನೂ ಒಂದು ವಿಷಯವಿದೆ, ಅದು ನಿನ್ನ ಎಡಗಾಲಿನದು. ಹನ್ನೊಂದು ವರ್ಷದಿಂದ ಮೊದಲು ಅಪ್ಪ, ಆಮೇಲೆ ನಾನು ನಿನ್ನಿಂದ ಬಚ್ಚಿಟ್ಟುಕೊಂಡು ಬಂದದ್ದು ಇವತ್ತು ಅಷ್ಟೂ ಸದಸ್ಯರ ಎದುರು ಬೂಟಿನೊಳಗಿಂದ ಹೊರಗೆ ಬಿತ್ತು. ಎಲ್ಲರಿಗೂ ಗೊತ್ತಾಗಿ ನಿನಗೊಬ್ಬನಿಗೆ ಗೊತ್ತಿಲ್ಲದ ಹಾಗಾಗಿದೆ. ಈ ಪತ್ರ ನಿನ್ನ ಕೈ ಸೇರುವವರೆಗೆ ಯಾರೂ ಬಾಯಿ ಬಿಡಬಾರದೆಂದು ಅಧ್ಯಕ್ಷೆ ಅಕ್ಕ ಮಾತು ತೆಗೆದುಕೊಂಡಿದ್ದಾರೆ. ಸಂಜೆ ಐದು ಗಂಟೆಗೆ ನಿಮ್ಮ ಗೋಲ್‌ಕೀಪರ್ ಬಂದು ಈ ಪತ್ರವಿರುವ ಚೀಲ ಒಯ್ಯುತ್ತಾನೆ. ಶಟರನ್ನು ಅರ್ಧ ಎಳೆದು ಬರೆಯಲು ಕೂತಿದ್ದೇನೆ. ಈಗ ಮಧ್ಯಾಹ್ನ ಎರಡೂಕಾಲು.

ಮೊದಲಿನಿಂದ ಹೇಳುತ್ತೇನೆ.

ನಿನಗೆ ಹದಿಮೂರು, ನನಗೆ ಎಂಟು. ಗೋದಾಮಿನ ಶೀಟಿನ ಮೇಲೆ ಬಿದ್ದ ಚೆಂಡು ತರಲು ಹತ್ತಿದ ನೀನು ಕಾಲು ಮುರಿದುಕೊಂಡು ಕೆಳಗೆ ಬಂದೆ. ನಾಲ್ಕು ತಿಂಗಳು ಮಂಚದ ಮೇಲಿದ್ದೆ. ಕಾಲಿಗೆ ಹಾಕಿದ ಬಿಳಿ ಪ್ಲಾಸ್ಟರ್ ಪಟ್ಟಿಯ ಮೇಲೆ ನಾನು ಪೆನ್ಸಿಲಿನಲ್ಲಿ ಹನ್ನೊಂದು ಜನ ಆಟಗಾರರನ್ನು ಬರೆದಿದ್ದೆ, ನೆನಪಿದೆಯಾ? ಚೆಂಡು ಬರುವ ಮೊದಲೇ ಯಾರು ಎಲ್ಲಿಗೆ ಓಡಬೇಕೆಂದು ನೀನು ಬೆರಳಿಟ್ಟು ತೋರಿಸುತ್ತಿದ್ದೆ. ನಾನು ಅಳಿಸಿ ಅಳಿಸಿ ಅವರನ್ನು ಅಲ್ಲಿಗೆ ಓಡಿಸುತ್ತಿದ್ದೆ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಮೂಳೆ ಚೆನ್ನಾಗಿ ಕೂಡಿದೆ ಎಂದರು. ನೀನು ಮತ್ತೆ ಆಡತೊಡಗಿದೆ. ಆದರೆ ಮೊದಲಿನ ಹಾಗಲ್ಲ. ತಿರುಗುವಾಗ ತಡವಾಗುತ್ತಿತ್ತು, ಸಂಜೆಗೆ ಸೊಂಟ ಹಿಡಿದುಕೊಂಡು ಬರುತ್ತಿದ್ದೆ. ಅಮ್ಮ ಅಭ್ಯಾಸ ತಪ್ಪಿದ್ದಕ್ಕೆ ಎಂದಳು. ಅಪ್ಪ ನಿನ್ನ ಬೂಟುಗಳನ್ನು ಬೆಳಕಿಗೆ ಹಿಡಿದು ಅಡಿ ನೋಡಿದ. ಬಲದ್ದು ಹಿಮ್ಮಡಿಯಲ್ಲಿ ಸವೆದಿತ್ತು. ಎಡದ್ದು ಮುಂಗಾಲಿನಲ್ಲಿ ಮಾತ್ರ; ಹಿಮ್ಮಡಿ ಹೊಸದರ ಹಾಗೇ ಇತ್ತು. ಮೂಳೆ ಕೂಡಿತ್ತು, ಆದರೆ ಕಾಲು ಒಂದು ಚೂರು ಗಿಡ್ಡವಾಗಿತ್ತು. ನೋಡುವವರಿಗೆ ಕಾಣದಷ್ಟು, ಓಡುವವನಿಗೆ ಕಾಡುವಷ್ಟು.

ಅಪ್ಪ ಚರ್ಮದ ಎರಡು ಪದರ ಸೇರಿಸಿ ಒಂದು ತುಂಡು ಮಾಡಿದ. ಹಿಂದೆ ದಪ್ಪ, ಮುಂದೆ ಬರುತ್ತಾ ಕಾಗದದಷ್ಟು ತೆಳು. ಎಡ ಬೂಟಿನ ಒಳ ಅಟ್ಟೆ ಎತ್ತಿ, ಅದರ ಕೆಳಗಿಟ್ಟು, ಅಂಟು ಹಾಕಿ ಮುಚ್ಚಿದ. ನೀನು ಅದನ್ನು ಹಾಕಿಕೊಂಡು ಗಲ್ಲಿಯ ಆ ತುದಿಯವರೆಗೆ ಓಡಿಹೋಗಿ ಅಲ್ಲಿಂದಲೇ ಕೂಗಿದೆ, "ಅಪ್ಪಾ, ಕಾಲು ವಾಪಸ್ ಬಂತು!"

ಆಗ ಅಪ್ಪ ನನ್ನ ಕಡೆ ತಿರುಗಿ, "ಅವನಿಗೆ ಹೇಳ್ಬೇಡ" ಎಂದ. "ಗೊತ್ತಾದ್ರೆ ಕಾಲು ನೋಡ್ಕೊಂಡು ಓಡ್ತಾನೆ. ಚೆಂಡು ನೋಡಲ್ಲ."

ಎಂಟು ವರ್ಷದವನು ಎಷ್ಟು ಗುಟ್ಟು ಇಟ್ಟುಕೊಳ್ಳಬಲ್ಲ ಎಂದು ಯಾರಾದರೂ ಕೇಳಬಹುದು. ಮಾತೇ ಆಡದವನು ಎಷ್ಟನ್ನಾದರೂ ಇಟ್ಟುಕೊಳ್ಳುತ್ತಾನೆ. ಐದನೇ ತರಗತಿ ಮುಗಿದ ಮೇಲೆ, ಅಪ್ಪನ ಕೈ ನಡುಗಲು ಶುರುವಾಗಿ ನಾನು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತಾಗ, ಅಪ್ಪ ನನಗೆ ಕಲಿಸಿದ ಮೊದಲ ಕೆಲಸ ಹರಿದ ಬೂಟು ಹೊಲಿಯುವುದಲ್ಲ. ಆ ತುಂಡು ಕತ್ತರಿಸುವುದು.

ಹೊಸ ಬೂಟು ಕೊಂಡಾಗಲೆಲ್ಲ "ಎರಡು ದಿನ ಅಂಗಡಿಯಲ್ಲಿರಲಿ, ಎಣ್ಣೆ ಕುಡಿಯಬೇಕು" ಎಂದು ಅಪ್ಪ ಅವನ್ನು ಇಸಿದುಕೊಳ್ಳುತ್ತಿದ್ದನಲ್ಲ, ಅದು ಇದಕ್ಕೇ. ಎಣ್ಣೆಯೂ ಇಲ್ಲ, ಕುಡಿಯುವುದೂ ಇಲ್ಲ. ಅಂಟು ಒಣಗಲು ಎರಡು ದಿನ ಬೇಕು. ನೀನು ಅದನ್ನು ನಂಬಿದ್ದಲ್ಲದೆ ತಂಡಕ್ಕೆಲ್ಲ ಹೇಳಿದೆ. ಈಗ ಹನ್ನೊಂದು ಜನವೂ ಹೊಸ ಬೂಟು ತಂದು ನನ್ನ ಕಟ್ಟೆಯ ಮೇಲಿಟ್ಟು "ಎರಡು ದಿನ ಕುಡೀಲಿ" ಎಂದು ಹೋಗುತ್ತಾರೆ. ಗೋಲ್‌ಕೀಪರ್ ಒಂದು ಸಲ ಗ್ಲೌಸನ್ನೂ ತಂದಿದ್ದ. ಉಳಿದವರ ಬೂಟಿಗೆ ನಾನು ಏನೂ ಮಾಡುವುದಿಲ್ಲ. ಒರೆಸಿ ಇಡುತ್ತೇನೆ. ಆದರೂ ಗೆದ್ದಾಗಲೆಲ್ಲ ನನ್ನ ಕೈಗುಣ ಎನ್ನುತ್ತಾರೆ.

ಅಪ್ಪ ಹೋಗಿ ಮೂರು ವರ್ಷ. ಈ ಮೂರು ವರ್ಷದಲ್ಲಿ ಒಂದೇ ಒಂದು ಸಲ ಬೂಟು ನನ್ನ ಕೈ ತಪ್ಪಿತು. ಹೊರ ಊರಿನ ಆಟಕ್ಕೆ ಹೋದಾಗ ಯಾರೋ ಉಡುಗೊರೆ ಕೊಟ್ಟ ಹಸಿರು ಬೂಟನ್ನು ನೀನು ಅಲ್ಲೇ ಹಾಕಿಕೊಂಡು ಇಳಿದೆ. ರೇಡಿಯೋದಲ್ಲಿ ಕೇಳುತ್ತಿದ್ದೆ. ಅವತ್ತು ನಿನ್ನ ಪಾಸುಗಳು ಯಾರಿಗೂ ಸಿಗಲಿಲ್ಲ. ನಮ್ಮವರೇ ನಿನ್ನನ್ನು ನೋಡಿ ಕೂಗು ಹಾಕಿದರು. ಮರುದಿನ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾ ನೀನು "ನೆಲವೇ ಸರಿ ಇರಲಿಲ್ಲ ಕಣೋ" ಎಂದೆ. ನಾನು ಹೌದು ಎಂದೆ. ಆ ಹಸಿರು ಬೂಟನ್ನು ಇಲಿ ಕಡಿಯಿತು ಎಂದು ಹೇಳಿದ್ದೆನಲ್ಲ, ನಮ್ಮ ಅಂಗಡಿಯಲ್ಲಿ ಇಲಿಯೇ ಇಲ್ಲ.

ಈಗ ಇವತ್ತಿನದು.

ಪೂರ್ವದ ಗ್ಯಾಲರಿಯ ಕಂಬಗಳು ಬಿರುಕು ಬಿಟ್ಟಿರುವುದು, ಅದನ್ನು ರಿಪೇರಿ ಮಾಡದಿದ್ದರೆ ಮುಂದಿನ ಸಾಲಿಗೆ ಮೈದಾನಕ್ಕೆ ಪರವಾನಗಿ ಇಲ್ಲ ಎಂದು ಇನ್‌ಸ್ಪೆಕ್ಟರು ಬರೆದಿಟ್ಟು ಹೋದದ್ದು, ಆ ದೊಡ್ಡ ಕ್ಲಬ್ಬು ನಿನ್ನನ್ನು ಕೇಳಿಕೊಂಡು ಬಂದದ್ದು, ಇಷ್ಟು ನಿನಗೆ ಗೊತ್ತು. ಯಾವ ಆಟಗಾರನ ಮೇಲೆ ಮತ ನಡೆಯುತ್ತದೋ ಅವನು ಸದಸ್ಯರ ಮುಖ ನೋಡಬಾರದೆಂಬ ನಿಯಮಕ್ಕೆ ನೀನು ಗೋಲ್‌ಕೀಪರನ ಮನೆ ಸೇರಿದೆ. ಆಟಗಾರನಾದ ನಿನಗೆ ಮತವಿಲ್ಲವೆಂದು ಅಪ್ಪನ ಸದಸ್ಯತ್ವ ನನಗೆ ಬಂತು. ಮೂರು ವರ್ಷದಲ್ಲಿ ಒಂದು ಸಭೆಯಲ್ಲೂ ನಾನು ಬಾಯಿ ತೆರೆದವನಲ್ಲ.

ಬೂಟು ಕಾರ್ಖಾನೆಯ ಹಳೆಯ ಕ್ಯಾಂಟೀನು ತುಂಬಿತ್ತು. ನೂರ ನಲವತ್ಮೂರು ಸದಸ್ಯರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಕಿಟಕಿಯ ಕಟ್ಟೆಗಳ ಮೇಲೂ ಜನ. ನಮ್ಮ ಬೀದಿಯ ಬಸ್ ಡ್ರೈವರ್ ಮಾವ ಎದ್ದು ನಿಂತು, ಊರೆಲ್ಲ ನಿನ್ನನ್ನು ಕರೆಯುವ ಅಡ್ಡಹೆಸರಿನಲ್ಲೇ ಶುರು ಮಾಡಿದರು.

"ನೋಡಿ, ಸೂಜಿ ನಮ್ಮ ಹುಡುಗ. ಅವನು ಹೋಗೋದು ನನಗೂ ಇಷ್ಟ ಇಲ್ಲ. ಆದ್ರೆ ಹತ್ತು ಪಾಸ್ ಕೊಟ್ರೆ ನಾಲ್ಕು ಎದುರಾಳಿ ಕಾಲಿಗೆ. ನಾನು ಹಾಗೆ ಬಸ್ ಓಡಿಸಿದ್ರೆ ನೀವ್ಯಾರೂ ಮನೆ ಸೇರ್ತಿರಲಿಲ್ಲ."

ಎಲ್ಲರೂ ನಕ್ಕರು. ಕ್ಷೌರದಂಗಡಿಯ ಕತ್ತರಿ ಮಾಮ ಕೂತಲ್ಲಿಂದಲೇ, "ಉಳಿದ ಆರು ಪಾಸಿಗೆ ತಾನೇ ನೀವು ಹೋದ ವರ್ಷ ಗೆದ್ದ ಖುಷಿಗೆ ಡಿಪೋದಿಂದ ಚೌಕದವರೆಗೆ ಹಾರ್ನ್ ಹೊಡ್ಕೊಂಡು ಬಂದು ಮೆಮೋ ತಿಂದದ್ದು?" ಎಂದ.

"ಗ್ಯಾಲರಿ ತಲೆ ಮೇಲೆ ಬಿದ್ರೆ ಸೂಜಿ ಬಂದು ಹೊಲಿದು ಕೊಡ್ತಾನಾ?" ಎಂದರು ಡ್ರೈವರ್ ಮಾವ.

ಗಣಿತದ ಮೇಷ್ಟ್ರು ಕನ್ನಡಕ ಒರೆಸುತ್ತಾ ಎದ್ದರು. ನಿವೃತ್ತರಾದ ಮೇಲೂ ಅವರು ಎದ್ದರೆ ಎಲ್ಲರೂ ಸುಮ್ಮನಾಗುತ್ತಾರೆ. "ಮಿದುಳು ಮಾರಿ ಟೋಪಿ ಕೊಂಡ್ಕೊಳ್ಳೋ ಲೆಕ್ಕ ಇದು" ಎಂದರು.

"ಟೋಪಿ ಅಲ್ಲ ಮೇಷ್ಟ್ರೇ, ಸೂರು! ನನ್ನ ಮಗಳು ಕೂರೋದು ಆ ಗ್ಯಾಲರಿ ಕೆಳಗೆ" ಎಂದರು ಮಾವ ಮತ್ತೆ.

ನಾಲ್ಕು ಕಡೆಯಿಂದ ಕೂಗಾಟ ಎದ್ದಿತು. ಸೂಜಿ ಹೋದರೆ ನಮ್ಮ ಹನ್ನೊಂದು ಜನ ಬರೀ ಓಡುವ ಕುದುರೆಗಳು ಎಂದು ಒಬ್ಬ. ಇನ್ನು ಐದಾರು ವರ್ಷಕ್ಕೆ ಅವನಿಗೂ ವಯಸ್ಸಾಗುತ್ತದೆ, ಆಗ ಯಾರೂ ಕೇಳುವುದಿಲ್ಲ ಎಂದು ಇನ್ನೊಬ್ಬ. ಅಧ್ಯಕ್ಷೆ ಅಕ್ಕ ಮೇಜು ಗುದ್ದಿದರು. ಲಾಂಡ್ರಿ ನಡೆಸುವ ಅವರ ಕೈ ನಿನಗೆ ಗೊತ್ತಲ್ಲ. "ಇನ್ನೊಂದು ಸಲ ಕೂಗಿದ್ರೆ ಎಲ್ಲರ ಬಾಯಿಗೂ ಇಸ್ತ್ರಿ ಹಾಕ್ತೀನಿ. ಮತಕ್ಕೆ ಹೋಗೋಣ."

ಒಂದೂವರೆ ಗಂಟೆ ಮಾತಾಡಿದರು ಅಣ್ಣಾ. ನಿನ್ನ ಬೆಲೆ, ನಿನ್ನ ವಯಸ್ಸು, ನಿನ್ನ ಹತ್ತರಲ್ಲಿ ನಾಲ್ಕು, ಹತ್ತರಲ್ಲಿ ಆರು. ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ನಾನು ಕೇಳಬಹುದಿತ್ತು. ಗೋಡೆಗೆ ಒರಗಿ ಕೂತು ಚೀಲದ ಹಿಡಿಯನ್ನು ಹಿಂಡುತ್ತಿದ್ದೆ.

ಆ ಚೀಲದಲ್ಲೇ ನನ್ನ ತಪ್ಪು ಇತ್ತು. ನಮ್ಮ ಕ್ಲಬ್ಬನ್ನು ಕಟ್ಟಿದವರು ಕಾರ್ಖಾನೆಯ ಕೆಲಸಗಾರರಾದ್ದರಿಂದ ಆಟಗಾರನ ಮೇಲಿನ ಮತ ಅವನ ಹಳೆಯ ಬೂಟಿನಲ್ಲೇ ನಡೆಯಬೇಕು. ಮೇಜಿನ ಮೇಲೆ ಪರದೆಯ ಹಿಂದೆ ಜೋಡಿ ಇರುತ್ತದೆ. ಪ್ರತಿಯೊಬ್ಬ ಸದಸ್ಯನ ಕೈಗೂ ಒಂದೊಂದು ಸ್ಟಡ್ಡು, ಬೂಟಿನ ಅಡಿಗೆ ತಿರುಗಿಸಿ ಕೂರಿಸುತ್ತೇವಲ್ಲ ಅದೇ. ಹೋಗಲಿ ಎನ್ನುವವರು ಎಡ ಬೂಟಿಗೆ ಹಾಕಬೇಕು, ಇರಲಿ ಎನ್ನುವವರು ಬಲ ಬೂಟಿಗೆ. ಬೂಟು ತಂದವನದೇ ಮೊದಲ ಮತ. ನಿನ್ನ ಹಳೆಯ ಜೋಡಿಗಳು ಅಂಗಡಿಯ ಗೋಡೆಯಲ್ಲಿ ಸಾಲಾಗಿ ನೇತುಬಿದ್ದಿವೆ. ಯಾವ ಜೋಡಿಯನ್ನು ಹೊರಗೆ ಕೊಡುವುದಿದ್ದರೂ ಮೊದಲು ಎಡದ್ದರೊಳಗಿನ ತುಂಡು ತೆಗೆದು, ಒಳ ಅಟ್ಟೆಯನ್ನು ಮತ್ತೆ ಅಂಟಿಸುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ನಿನ್ನೆ ಒಂದು ಜೋಡಿಗೆ ಹಾಗೇ ಮಾಡಿಟ್ಟಿದ್ದೆ. ಬೆಳಗ್ಗೆ ಹೆದರಿಕೆಯಲ್ಲಿ ಪಕ್ಕದ ಮೊಳೆಯದನ್ನು ಚೀಲಕ್ಕೆ ತುರುಕಿಕೊಂಡು ಹೋಗಿದ್ದೆ.

ಪರದೆಯ ಹಿಂದೆ ನಿಂತಾಗ ನನಗದು ಗೊತ್ತಿರಲಿಲ್ಲ. ಸ್ಟಡ್ಡು ಹಿಡಿದು ಎಡ ಬೂಟಿಗೆ ಕೈ ಹಾಕಿದೆ. ಅಣ್ಣಾ, ನಾನು ಎಡಕ್ಕೆ ಕೈ ಹಾಕಿದ್ದು ಮತ ಹಾಕಲಿಕ್ಕೇ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಆಮೇಲೆ ನೀನು ನನಗಾಗಿ ಬೇರೆ ಕಾರಣ ಹುಡುಕಬಾರದು.

ಬೆರಳು ತಳ ಮುಟ್ಟಿತು. ಒಳ ಅಟ್ಟೆ ಉಬ್ಬಿತ್ತು. ಕಣ್ಣು ಕಟ್ಟಿ ಬಿಟ್ಟರೂ ನನಗೆ ಗೊತ್ತಾಗುವ ಉಬ್ಬು ಅದು. ಹಳೆಯ ಅಂಟು, ಅಂಚು ಬಿಟ್ಟಿತ್ತು. ಉಗುರು ತೂರಿಸಿ ಎತ್ತಿ ತುಂಡನ್ನು ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. "ಏನಪ್ಪಾ, ಬೂಟಲ್ಲಿ ಬಿಡಾರ ಹೂಡಿದ್ಯಾ?" ಎಂದ ಕತ್ತರಿ ಮಾಮ. ಕೈ ಬೆವರಿತ್ತು. ಬೆರಳ ಸಂದಿಯಿಂದ ಸ್ಟಡ್ಡು ಜಾರಿ ಅಟ್ಟೆಯ ಕೆಳಗೆ ಸೇರಿಕೊಂಡಿತು. ಅಕ್ಕ ಪರದೆಯನ್ನು ತಟ್ಟಿದರು. ನಾನು ಅಟ್ಟೆಯನ್ನು ಒತ್ತಿ ಮುಚ್ಚಿ ಹೊರಗೆ ಬಂದುಬಿಟ್ಟೆ.

ಮುಂದಿನ ಮುಕ್ಕಾಲು ಗಂಟೆ ನನ್ನ ಆಯುಷ್ಯದಲ್ಲೇ ಉದ್ದವಾದದ್ದು. ಒಬ್ಬೊಬ್ಬರೂ ಹೋಗಿ ಬರುವಾಗ ಟಕ್ ಟಕ್ ಎಂದು ಸ್ಟಡ್ಡು ಬೀಳುವ ಸದ್ದು. ಪ್ರತಿ ಸದ್ದಿಗೂ ನನ್ನ ಕಣ್ಣು ಪರದೆಯ ಮೇಲೆ.

ಮೇಷ್ಟ್ರು ಎಣಿಸಿದರು. ಬಲ ಬೂಟಿನಲ್ಲಿ ಎಪ್ಪತ್ತೊಂದು. ಎಡ ಬೂಟಿನಲ್ಲಿ ಎಪ್ಪತ್ತೊಂದು. ಕೂಡಿಸಿ, ಸದಸ್ಯರ ಪಟ್ಟಿ ನೋಡಿ, "ಒಂದು ಕಡಿಮೆ" ಎಂದರು. ಮೇಜಿನ ಕೆಳಗೆ ಹುಡುಕಿದರು, ಜೇಬು ತಡವಿಕೊಂಡರು. ಯಾರು ಹಾಕಿಲ್ಲ ಎಂದು ಡ್ರೈವರ್ ಮಾವ ಒಬ್ಬೊಬ್ಬರ ಮುಖ ನೋಡತೊಡಗಿದರು. ನಾನು ನೆಲ ನೋಡಿದೆ. ಮೇಷ್ಟ್ರು ಬಲ ಬೂಟನ್ನು ಬೋರಲು ಮಾಡಿ ಕುಲುಕಿದರು. ಏನೂ ಬೀಳಲಿಲ್ಲ. ಎಡದ್ದನ್ನು ಕೊಡವಿದರು. ಒಳಗೇನೋ ಅಲ್ಲಾಡಿತು. ಕೈ ಹಾಕಿ ಒಳ ಅಟ್ಟೆ ಹಿಡಿದು ಎಳೆದರು. ಸ್ಟಡ್ಡು ಮೇಜಿನ ಮೇಲೆ ಬಿದ್ದು ಉರುಳಿತು. ಅದರ ಹಿಂದೆಯೇ ಚರ್ಮದ ತುಂಡು ಬಿತ್ತು.

ಮೊದಲು ಎಲ್ಲರೂ ಸ್ಟಡ್ಡಿಗೇ ಮುಗಿಬಿದ್ದರು. "ಬೂಟಿನೊಳಗೇ ಇತ್ತಲ್ಲ, ಎಡಕ್ಕೇ ಸೇರಬೇಕು" ಎಂದು ಡ್ರೈವರ್ ಮಾವ. "ಅಟ್ಟೆ ಕೆಳಗಿದ್ದದ್ದು ಬೂಟಿನ ಹೊರಗೆ. ಹಾಸಿಗೆ ಕೆಳಗೆ ಮಲಗಿದವನನ್ನ ಹಾಸಿಗೆ ಮೇಲಿದ್ದ ಅಂತೀರಾ?" ಎಂದು ಕತ್ತರಿ ಮಾಮ. ಇಬ್ಬರೂ ಅಂಗಿಯ ಕಾಲರಿಗೆ ಕೈ ಹಾಕುವ ಹಂತಕ್ಕೆ ಬಂದಿದ್ದರು. ಅಕ್ಕ ಮೇಜು ಗುದ್ದಿ, "ಇದು ಯಾರದು? ಅವರೇ ಹೇಳ್ಲಿ" ಎಂದರು.

ಎದ್ದು ನಿಂತೆ. "ನಂದು" ಎಂದೆ. "ಎಡಕ್ಕೇ ಹಾಕಿದ್ದು."

ಹಿಂದಿನಿಂದ ಯಾರೋ ಮೆಲ್ಲಗೆ, "ಒಡಹುಟ್ಟಿದವನೇ?" ಎಂದರು. ಗೆದ್ದ ಡ್ರೈವರ್ ಮಾವ ಕೂಡ ಚಪ್ಪಾಳೆ ತಟ್ಟಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಆ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು. "ಮತ್ತೆ ಇದೇನಪ್ಪಾ?"

ಸುಳ್ಳು ಹೇಳಬಹುದಿತ್ತು. ಇಲಿಯ ಸುಳ್ಳು ಹೇಳಿದವನಿಗೆ ಇದೇನು ಕಷ್ಟ. ಆದರೆ ಬೆಳಿಗ್ಗೆಯಿಂದ ಒಂದು ಯೋಚನೆ ಕೊರೆಯುತ್ತಿತ್ತು. ಆ ಕ್ಲಬ್ಬಿನ ಡಾಕ್ಟರು ನಿನ್ನನ್ನು ಮಲಗಿಸಿ ಮಂಡಿ ನೋಡಿದರು, ಎದೆ ನೋಡಿದರು. ಬೂಟಿನ ಅಡಿ ನೋಡಲಿಲ್ಲ. ಅಲ್ಲಿ ವಾರಕ್ಕೊಂದು ಹೊಸ ಜೋಡಿ ಕೊಡುತ್ತಾರೆ. ಅವು ಯಾವ ಅಂಗಡಿಯಲ್ಲೂ ಎರಡು ದಿನ ಕೂರುವುದಿಲ್ಲ. ಆ ಹಸಿರು ಬೂಟಿನ ದಿನ ನಿನಗೆ ದಿನಾ ಬರುತ್ತದೆ.

ಹಾಗಾಗಿ ಹೇಳಿದೆ. ಗೋದಾಮಿನ ಶೀಟಿನಿಂದ ಹಿಡಿದು ಎಲ್ಲವನ್ನೂ. ತೊದಲುತ್ತಾ, ಮೇಜಿನ ಮೇಲಿನ ತುಂಡನ್ನೇ ನೋಡುತ್ತಾ ಹೇಳಿದೆ.

"ಕುಂಟನ್ನ ಇಷ್ಟು ವರ್ಷ ತಲೆ ಮೇಲೆ ಹೊತ್ತು ಮೆರೆಸಿದ್ವಾ?" ಎಂದಿತು ಕಿಟಕಿಯ ಕಡೆಯ ಒಂದು ದನಿ.

ನನಗೆ ಎಲ್ಲಿಂದ ಸಿಟ್ಟು ಬಂತೋ. "ಇದು ಗಾಯ ಅಲ್ಲ, ಅಳತೆ" ಎಂದೆ. "ಡ್ರೈವರ್ ಮಾವ, ನಿಮ್ಮ ಬಲಗಾಲು ಎಡಗಾಲಿಗಿಂತ ದೊಡ್ಡದು. ನಿಮ್ಮ ಬೂಟನ್ನೆಲ್ಲ ಅಪ್ಪ ಬಲಗಡೆ ಹಿಗ್ಗಿಸಿ ಕೊಡ್ತಿದ್ದ. ಮೇಷ್ಟ್ರ ಹಿಮ್ಮಡಿ ಕೆಳಗೆ ಮೆತ್ತೆ ಇದೆ. ಅಕ್ಕಾ, ನಿಮ್ಮ ಹೆಬ್ಬೆರಳ ಗಂಟಿಗೆ ನಾನೇ ಜಾಗ ಮಾಡಿದ್ದೀನಿ. ಎರಡು ಕಾಲೂ ಸಮ ಇರೋರು ಈ ಕೋಣೇಲಿ ಯಾರಾದ್ರೂ ಇದ್ರೆ ಎದ್ದು ನಿಲ್ಲಿ."

ಒಬ್ಬರೂ ಏಳಲಿಲ್ಲ. ಎಲ್ಲರ ಬೂಟೂ ನನ್ನ ಕಟ್ಟೆಗೆ ಬಂದು ಹೋದವೇ. ಕತ್ತರಿ ಮಾಮ ಮಾತ್ರ ತನ್ನ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವನದು ಏನೆಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ.

ಆಮೇಲೆ ನಡೆದದ್ದು ಕೇಳು. ಮಾರಬೇಕು ಎಂದವರು, "ಸರಿ, ಅದನ್ನ ವಾಪಸ್ ಒಳಗೆ ತುರುಕು. ನಾಳೆ ಸಹಿ ಆಗೋವರೆಗೆ ಯಾರೂ ಉಸಿರೆತ್ತಬೇಡಿ" ಎಂದರು. ಇರಲಿ ಎಂದವರು, "ಈಗಲೇ ಫೋನ್ ಮಾಡಿ, ಅವರೇ ಬೇಡ ಅಂತಾರೆ, ಸೂಜಿ ನಮ್ಮಲ್ಲೇ ಉಳೀತಾನೆ" ಎಂದರು. ಎರಡೂ ಕಡೆಯವರು ಆ ಚೂರು ಚರ್ಮದ ಎರಡು ತುದಿ ಹಿಡಿದು ಎಳೆಯುತ್ತಿದ್ದರು. ನಿನ್ನನ್ನು ಇಷ್ಟು ವರ್ಷ ಪ್ರೀತಿಸಿದವರೇ.

ಅಕ್ಕ ಆ ತುಂಡನ್ನು ಎತ್ತಿ ತನ್ನ ಕರವಸ್ತ್ರದಲ್ಲಿ ಇಟ್ಟುಕೊಂಡರು. "ನಾನು ಬಟ್ಟೆ ಒಗೆಯೋಳು. ಕಲೆ ಇದ್ರೆ ತೋರಿಸಿ ಒಗೀತೀನಿ, ಮಡಿಸಿ ಬಚ್ಚಿಡಲ್ಲ" ಎಂದು ಅಲ್ಲೇ ಆ ಕ್ಲಬ್ಬಿನ ಕೋಚಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಇದ್ದದ್ದನ್ನು ಇದ್ದಹಾಗೆ ಹೇಳಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ನಿನ್ನ ಬಾಗಿಲನ್ನು ನಾನೇ ಮುಚ್ಚಿದೆ ಎಂದುಕೊಂಡೆ.

ಆ ಕೋಚು ಕೇಳಿದ್ದು ಒಂದೇ ಮಾತು. "ಆಟಗಾರನಿಗೆ ಇದು ಗೊತ್ತಾ?"

ನೂರ ನಲವತ್ತೆರಡು ಮುಖಗಳು ನನ್ನ ಕಡೆ ತಿರುಗಿದವು.

"ಮೊದಲು ಅವರಿಗೆ ಹೇಳಿ" ಎಂದ ಆ ಕೋಚು. "ಬೆಳಗ್ಗೆ ಅವರೇ ಬಂದು ನಮ್ಮ ಹತ್ರ ಮಾತಾಡ್ಲಿ. ನಾವು ತೀರ್ಮಾನ ಮಾಡೋದು ಆಮೇಲೆ."

ಇಷ್ಟು ನಡೆದದ್ದು. ಈಗ ನನ್ನ ಮತದ ವಿಷಯ.

ನಾನು ಕೂರುವುದು ಗೋಲಿನ ಹಿಂದಿನ ಕಟ್ಟೆಯ ಮೇಲೆ. ಅಲ್ಲಿಂದ ಡ್ರೈವರ್ ಮಾವ ಹೇಳುವ ಆ ನಾಲ್ಕು ಪಾಸುಗಳು ಬೇರೆಯಾಗಿ ಕಾಣುತ್ತವೆ. ನೀನು ಅವನ್ನು ಎದುರಾಳಿಗೆ ಕೊಡುವುದಿಲ್ಲ. ನಮ್ಮವನೊಬ್ಬ ಇಷ್ಟು ಹೊತ್ತಿಗೆ ಅಲ್ಲಿರಬೇಕಿತ್ತು ಎನ್ನುವ ಜಾಗಕ್ಕೆ ಕೊಡುತ್ತೀಯ. ಅವನು ಬಂದಿರುವುದಿಲ್ಲ. ಜನ ಕೂಗುತ್ತಾರೆ. ನೀನು ಆ ಖಾಲಿ ಜಾಗವನ್ನೇ ಒಂದು ಗಳಿಗೆ ನೋಡುತ್ತಾ ನಿಲ್ಲುತ್ತೀಯ, ಆಮೇಲೆ ತಪ್ಪು ತನ್ನದೇ ಎನ್ನುವ ಹಾಗೆ ಕೈ ಎತ್ತುತ್ತೀಯ. ಪಟ್ಟಿಯ ಮೇಲೆ ಬರೆದ ನನ್ನ ಪೆನ್ಸಿಲಿನ ಆಟಗಾರರಾದರೂ ನೀನು ಹೇಳಿದಲ್ಲಿಗೆ ಬರುತ್ತಿದ್ದರು. ನಮ್ಮ ಹುಡುಗರು ಒಳ್ಳೆಯವರೇ, ಆದರೆ ಅವರು ಚೆಂಡು ಹೋದಲ್ಲಿಗೆ ಓಡುವವರು. ನಿನಗೆ ಚೆಂಡಿಗಿಂತ ಮೊದಲೇ ಬಂದು ನಿಲ್ಲುವವರು ಬೇಕು. ಅವರು ಆ ಕ್ಲಬ್ಬಿನಲ್ಲಿದ್ದಾರೆ. ಅದಕ್ಕೇ ಎಡ ಬೂಟು.

ಇದು ಪೂರ್ತಿ ನಿಜವಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಎಲ್ಲರಿಗೂ ನಾನು ಸೂಜಿಯ ತಮ್ಮ. ಅಂಗಡಿಗೆ ಬಂದವರು ಬೂಟು ನನ್ನ ಕೈಗೆ ಕೊಟ್ಟು ನಿನ್ನ ಸಮಾಚಾರ ಕೇಳುತ್ತಾರೆ. ನೀನು ಹೋದರೆ ನನ್ನ ಸಮಾಚಾರ ಕೇಳುತ್ತಾರೇನೋ ಎಂಬ ಆಸೆಯೂ ಆ ಸ್ಟಡ್ಡಿನಲ್ಲಿತ್ತು. ಎಷ್ಟಿತ್ತು ಎಂದು ತೂಗಿ ಹೇಳಲಾರೆ.

ಇನ್ನೊಂದಿತ್ತು, ಅದು ಇದಕ್ಕಿಂತ ಕೆಟ್ಟದ್ದು. ನೀನು ಎಲ್ಲೇ ಹೋದರೂ ಪ್ರತಿ ಜೋಡಿಯನ್ನೂ ನನಗೆ ಕಳಿಸಲೇಬೇಕು, ಎರಡು ದಿನ ಎಣ್ಣೆ ಕುಡಿಯಬೇಕು ಎಂದು ಹೇಳಿ ಕಳಿಸೋಣ ಎಂದುಕೊಂಡಿದ್ದೆ. ನೀನು ಹೋಗಬೇಕು, ಆದರೆ ನಿನ್ನ ಕಾಲು ನನ್ನ ಕಟ್ಟೆಗೆ ಕಟ್ಟಿಕೊಂಡೇ ಇರಬೇಕು. ಅಪ್ಪ ಗುಟ್ಟು ಮಾಡಿದ್ದು ನೀನು ಚೆಂಡು ನೋಡಲಿ ಎಂದು. ನಾನು ಅದನ್ನು ಉಳಿಸಿಕೊಂಡದ್ದು ನಿನ್ನ ಮೇಲೆ ನನಗೊಂದು ಹಿಡಿತ ಬೇಕಾಗಿತ್ತು ಎಂದು. "ಆಟಗಾರನಿಗೆ ಗೊತ್ತಾ?" ಎಂದು ಆ ಕೋಚು ಕೇಳಿದಾಗ ನನಗೆ ನಾಚಿಕೆಯಾದದ್ದು ಅದಕ್ಕೆ. ನಿನ್ನೊಡನೆ ಇನ್ನೂ ಮಾತೇ ಆಡದ ಮನುಷ್ಯನಿಗೆ ಹೊಳೆದದ್ದು ಒಂದೇ ಕೋಣೆಯಲ್ಲಿ ಮಲಗುವ ನನಗೆ ಹೊಳೆಯಲಿಲ್ಲ.

ಹೋದ ತಿಂಗಳು ಅಂಗಡಿಯಲ್ಲಿ ಕೂತು ನೀನು ಕೇಳಿದೆ, "ನಿನಗೇನನ್ನಿಸುತ್ತೋ, ಹೋಗ್ಲಾ, ಇರ್ಲಾ?" ನಾನು ದಾರಕ್ಕೆ ಮೇಣ ಹಚ್ಚುತ್ತಾ ಸುಮ್ಮನಿದ್ದೆ. ಈ ಪತ್ರ ಆ ಪ್ರಶ್ನೆಗೆ ಉತ್ತರ. ಹೋಗು. ಆದರೆ ಬಚ್ಚಿಟ್ಟುಕೊಂಡು ಹೋಗಬೇಡ. ಅವರೆದುರು ಚೀಲದಲ್ಲಿರುವ ತುಂಡನ್ನು ಮೇಜಿನ ಮೇಲಿಟ್ಟು ಮಾತಾಡು. ಅವರು ಬೇಡ ಎಂದರೆ ವಾಪಸ್ ಬಾ; ಕಾಲಿನಿಂದಾಗಿ ಉಳಿದೆ ಎಂದು ಮಾತ್ರ ತಲೆ ತಗ್ಗಿಸಬೇಡ. ನಿನಗೇ ಬೇಡ ಎನ್ನಿಸಿದರೆ ಹಾಗೆಂದು ಹೇಳು. ಗ್ಯಾಲರಿಗೆ ಬೇರೆ ದಾರಿ ಹುಡುಕುತ್ತೇನೆ ಎಂದು ಅಕ್ಕ ನನ್ನೆದುರೇ ಹೇಳಿದ್ದಾರೆ.

ಚೀಲದಲ್ಲಿ ಏನೇನಿದೆ ಎಂದು ಬರೆಯುತ್ತೇನೆ. ಒಂದು, ಸುರುಳಿ ಸುತ್ತಿದ ಕಾಗದ. ನಿನ್ನ ಪಟ್ಟಿ ಬಿಚ್ಚಿದ ವಾರ ಅಪ್ಪ ನಿನ್ನನ್ನು ನಿಲ್ಲಿಸಿ ಸುತ್ತ ಪೆನ್ಸಿಲ್ ಎಳೆದ ಎರಡು ಪಾದಗಳು. ಪಕ್ಕದಲ್ಲಿ ವರ್ಷವರ್ಷದ ತುಂಡಿನ ದಪ್ಪ. ಮೊದಲ ಎಂಟು ವರ್ಷ ಅಪ್ಪನ ಕೈಬರಹ, ಆಮೇಲಿನದು ನನ್ನದು. ಅಲ್ಲಿ ಬೂಟು ನೋಡಿಕೊಳ್ಳುವವನಿಗೆ ಇದನ್ನು ಕೊಡು, ಅವನಿಗೆ ಅರ್ಥವಾಗುತ್ತದೆ.

ಇನ್ನೊಂದು, ಆ ಕ್ಲಬ್ಬಿನವರು ಕಳಿಸಿದ ಹೊಸ ಬೂಟು. ಶುಕ್ರವಾರ ನೀನೇ ತಂದು ಕಟ್ಟೆಯ ಮೇಲಿಟ್ಟು "ಕುಡೀಲಿ" ಎಂದು ಹೋದದ್ದು. ಎಡದ್ದರ ಒಳ ಅಟ್ಟೆ ಎತ್ತಿದ್ದೇನೆ. ಹೊಸ ತುಂಡನ್ನು ಅದರ ಜಾಗದಲ್ಲಿ ಇಟ್ಟಿದ್ದೇನೆ. ಇದೇ ಮೊದಲ ಸಲ ಅಂಟು ಹಾಕಿಲ್ಲ. ಅಂಟಿನ ಡಬ್ಬಿ ಬಲ ಬೂಟಿನೊಳಗಿದೆ. ಮೊದಲು ತುಂಡು ತೆಗೆದು ಹಾಕಿಕೊಂಡು ಹತ್ತು ಹೆಜ್ಜೆ ನಡೆ. ಆಮೇಲೆ ಇಟ್ಟುಕೊಂಡು ಹತ್ತು ಹೆಜ್ಜೆ. ನಿನ್ನ ಕಾಲು ನಿನಗೆ ಗೊತ್ತಾಗಲಿ. ಅಂಟನ್ನು ತೆಳ್ಳಗೆ, ಅಂಚಿನಿಂದ ಒಳಗೆ ಹಚ್ಚಬೇಕು. ಬೆರಳಿಗೆ ಅಂಟಿದರೆ ಎಣ್ಣೆ ಹಾಕಿ ಉಜ್ಜಿಕೊ. ನಿಜವಾದ ಎಣ್ಣೆ.

ನೀನು ಹೇಗೆ ಓಡುತ್ತೀಯೋ ಎಂಬ ಭಯ ನನಗೂ ಇದೆ. ಕಾಲು ನೋಡಿಕೊಂಡು ಓಡುತ್ತೀಯ ಎಂದಿದ್ದ ಅಪ್ಪ. ಅವತ್ತು ನಿನಗೆ ಹದಿಮೂರು. ಇವತ್ತು ಒಂದು ಸಲ ಚೆನ್ನಾಗಿ ನೋಡಿಕೊ. ಆಮೇಲೆ ತಲೆ ಎತ್ತು.

ಗೋಲ್‌ಕೀಪರ್ ಶಟರು ಬಡಿಯುತ್ತಿದ್ದಾನೆ. ತಮ್ಮನಾದವನು ಅಣ್ಣನನ್ನು ಹರಸಬಾರದು ಅನ್ನುತ್ತಾರೆ. ಹಾಗಾಗಿ ನೆಲಕ್ಕೆ ಹೇಳುತ್ತೇನೆ: ನೀನು ಎಲ್ಲಿ ಕಾಲಿಟ್ಟರೂ ಅದು ನಿನ್ನ ಅಳತೆಗೆ ಹೊಂದಿಕೊಂಡು ನಿಲ್ಲಲಿ. ನೀನು ಚೆಂಡು ಕಳಿಸಿದ ಜಾಗಕ್ಕೆ ಯಾರಾದರೊಬ್ಬರು ಮೊದಲೇ ಬಂದಿರಲಿ.

ನಿನ್ನ ಎಡ ಬೂಟಿನ ಮತದವನು,
ನಿನ್ನ ತಮ್ಮ